189 ದೇಶ ಒಪ್ಪಿದ ಮೇಲೂ ಠಾಣೆಯಲ್ಲಿ ದೂರು ಏಕೆ ತೆಗೆದುಕೊಳ್ಳುವುದಿಲ್ಲ? ಸೀಡಾ ಒಪ್ಪಂದವನ್ನು ಕೆಲಸಕ್ಕೆ ಹಚ್ಚುವ ಬಗೆ

ಪ್ರಶ್ನೆ: ನಮ್ಮದು ಮನೆಯೊಳಗಿನ ಹಿಂಸೆಗೆ ಸಿಕ್ಕ ಹೆಂಗಸರಿಗೆ ನೆರವಾಗುವ ಸಣ್ಣ ಸಂಘಟನೆ. ಮಹಿಳೆಯರ ಹಕ್ಕುಗಳ ಅಂತರರಾಷ್ಟ್ರೀಯ ಒಪ್ಪಂದಕ್ಕೆ 189 ದೇಶಗಳು ಸಹಿ ಹಾಕಿವೆ ಎಂದು ಸಭೆ ಸಭೆಯಲ್ಲೂ ಕೇಳುತ್ತೇವೆ. ಹಾಗಿದ್ದರೆ ದೂರು ತೆಗೆದುಕೊಳ್ಳದ ಪೊಲೀಸರನ್ನು, ವರ್ಷಗಟ್ಟಲೆ ಎಳೆಯುವ ಕೋರ್ಟನ್ನು ಅದು ಏಕೆ ಕೇಳುವುದಿಲ್ಲ? ಅದರಿಂದ ನಿಜವಾಗಿ ಏನಾದರೂ ಆಗುತ್ತದೆಯೇ? ಆಗುವುದಾದರೆ ನಮ್ಮಂಥವರು ಎಲ್ಲಿಂದ ಶುರು ಮಾಡಬೇಕು?

ಉತ್ತರ: ಆಗುತ್ತದೆ, ಆದರೆ ತಾನಾಗಿ ಆಗುವುದಿಲ್ಲ. ಒಪ್ಪಂದವೆಂದರೆ ದೇಶಗಳು ಕೊಟ್ಟ ಮಾತು. ವಿಧಿಯ ಸಂಖ್ಯೆ ಹೇಳಿ, ದಾಖಲೆ ಮುಂದಿಟ್ಟು, ಸರಿಯಾದ ವೇಳೆಗೆ ಸರಿಯಾದ ಬಾಗಿಲು ತಟ್ಟುವವರು ಇದ್ದ ಕಡೆಗಳಲ್ಲಿ ಆ ಮಾತು ನಡೆದಿದೆ. ಕೇಳುವವರಿಲ್ಲದ ಕಡೆ ಕಪಾಟಿನಲ್ಲಿ ಉಳಿದಿದೆ. ನಿಮ್ಮಂಥ ಸಣ್ಣ ಸಂಘಟನೆಗಳೇ ಅದನ್ನು ಹೊರಗೆ ತೆಗೆದ ಉದಾಹರಣೆಗಳು ಸಾಕಷ್ಟಿವೆ, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೊದಲು ಒಂದು ತಿದ್ದುಪಡಿ. ಸಹಿ ಹಾಕುವುದು ಬೇರೆ, ಅನುಮೋದಿಸಿ ಸದಸ್ಯ ದೇಶವಾಗುವುದು ಬೇರೆ. 189 ಎನ್ನುವುದು ಒಪ್ಪಂದಕ್ಕೆ ಕಟ್ಟುಬಿದ್ದ ಸದಸ್ಯರ ಲೆಕ್ಕ. ಅಮೆರಿಕ 1980ರಲ್ಲೇ ಸಹಿ ಹಾಕಿದೆ, ಇವತ್ತಿಗೂ ಅನುಮೋದಿಸಿಲ್ಲ. ಪಲಾವ್ ಕೂಡ ಹಾಗೆಯೇ. ಇರಾನ್, ಸೊಮಾಲಿಯ, ಸುಡಾನ್, ಟೊಂಗಾ ಸಹಿಯನ್ನೂ ಹಾಕಿಲ್ಲ. ಸಹಿ ಮಾತ್ರ ಹಾಕಿದ ದೇಶವನ್ನು ಈ ಒಪ್ಪಂದದ ಪಾಲನೆ ನೋಡಿಕೊಳ್ಳುವ ತಜ್ಞರ ಸಮಿತಿ ಪ್ರಶ್ನಿಸಲಾರದು.

ಒಪ್ಪಂದದ ಪೂರ್ತಿ ಹೆಸರು ಮಹಿಳೆಯರ ವಿರುದ್ಧದ ಎಲ್ಲ ಬಗೆಯ ತಾರತಮ್ಯ ನಿರ್ಮೂಲನಾ ಒಡಂಬಡಿಕೆ, ಬಳಕೆಯಲ್ಲಿ ಸೀಡಾ. ವಿಶ್ವಸಂಸ್ಥೆಯ ಮಹಾಸಭೆ 1979ರ ಡಿಸೆಂಬರ್ 18ರಂದು ಅಂಗೀಕರಿಸಿತು, 1981ರ ಸೆಪ್ಟೆಂಬರ್ 3ರಂದು ಜಾರಿಗೆ ಬಂತು. ಒಟ್ಟು 30 ವಿಧಿಗಳು. ಎಲ್ಲವನ್ನೂ ಬಾಯಿಪಾಠ ಮಾಡಬೇಕಿಲ್ಲ. ನಿಮ್ಮ ಕೆಲಸಕ್ಕೆ 1, 2, 5, 15 ಮತ್ತು 16 ಸಾಕು. 1ನೇ ವಿಧಿಯಲ್ಲಿ ತಾರತಮ್ಯದ ವ್ಯಾಖ್ಯೆ ಇದೆ. ಅದರ ಬಲವೆಲ್ಲ ಒಂದು ಮಾತಿನಲ್ಲಿದೆ: ಉದ್ದೇಶದಿಂದಾಗಲಿ ಪರಿಣಾಮದಿಂದಾಗಲಿ ಹೆಣ್ಣಿನ ಹಕ್ಕು ಮೊಟಕಾದರೆ ಅದು ತಾರತಮ್ಯ. ಅಂದರೆ ಅಧಿಕಾರಿಗೆ ಕೆಟ್ಟ ಮನಸ್ಸಿತ್ತು ಎಂದು ನೀವು ಸಾಬೀತು ಮಾಡುತ್ತ ಕೂರಬೇಕಾಗಿಲ್ಲ, ಆದದ್ದನ್ನು ತೋರಿಸಿದರೆ ಸಾಕು. 2ನೇ ವಿಧಿ ಸರ್ಕಾರದ ಹೊಣೆಗಳನ್ನು ಹೇಳುತ್ತದೆ. ಅದರ 'ಇ' ಉಪವಿಧಿಯ ಪ್ರಕಾರ ಯಾವುದೇ ವ್ಯಕ್ತಿ, ಸಂಸ್ಥೆ, ಉದ್ಯಮ ಮಾಡುವ ತಾರತಮ್ಯವನ್ನೂ ಸರ್ಕಾರ ತಡೆಯಬೇಕು. "ಹೊಡೆದವನು ಗಂಡ, ಸರ್ಕಾರ ಅಲ್ಲವಲ್ಲ" ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. 5ನೇ ವಿಧಿ ಹೆಣ್ಣು ಹೀಗೇ ಇರಬೇಕೆಂಬ ಬೇರೂರಿದ ನಂಬಿಕೆಗಳ ಬಗ್ಗೆ, 15ನೆಯದು ಕಾನೂನಿನ ಮುಂದಿನ ಸಮಾನತೆ, 16ನೆಯದು ಮದುವೆ ಮತ್ತು ಕುಟುಂಬ.

ಹೊಸಬರು ಮೊದಲು ಎಡವುವ ಜಾಗ ಒಂದಿದೆ. ಒಪ್ಪಂದದ ಪಠ್ಯದಲ್ಲಿ ಮಹಿಳೆಯರ ಮೇಲಿನ ಹಿಂಸೆಗೆಂದು ಒಂದು ವಿಧಿಯೇ ಇಲ್ಲ. ಹುಡುಕಿ ಸಿಗದೆ, "ನಮ್ಮ ವಿಷಯ ಇದರಲ್ಲಿ ಬರುವುದಿಲ್ಲ" ಎಂದು ಕೈಬಿಟ್ಟವರುಂಟು. ಆ ಕೊರತೆಯನ್ನು ತುಂಬಿದ್ದು ಸಮಿತಿಯ ಸಾಮಾನ್ಯ ಶಿಫಾರಸುಗಳು, ಅಂದರೆ ವಿಧಿಗಳ ಅರ್ಥವನ್ನು ಬಿಡಿಸಿ ಹೇಳುವ ಅದರ ದಾಖಲೆಗಳು. 1992ರ 19ನೇ ಶಿಫಾರಸು, ಹೆಣ್ಣೆಂಬ ಕಾರಣಕ್ಕೆ ನಡೆಯುವ ಹಿಂಸೆಯೂ 1ನೇ ವಿಧಿಯ ಅರ್ಥದಲ್ಲಿ ತಾರತಮ್ಯವೇ ಎಂದಿತು. 2017ರ 35ನೇ ಶಿಫಾರಸು ಅದನ್ನು ಇನ್ನಷ್ಟು ಬಿಗಿ ಮಾಡಿತು. ನೀವು ಬರೆಯುವ ಯಾವುದೇ ಅರ್ಜಿಯಲ್ಲಿ 'ವಿಧಿ 1, 2, 5. ಸಾಮಾನ್ಯ ಶಿಫಾರಸು 19 ಮತ್ತು 35' ಎಂದು ಜೊತೆಗೂಡಿಸಿಯೇ ಬರೆಯಿರಿ.

ಇನ್ನು ಕೆಲಸದ ಮಾತು. ನಿಮ್ಮ ದೇಶ ನಿಜವಾಗಿ ಏನನ್ನು ಒಪ್ಪಿದೆ ಎಂದು ಮೊದಲು ತಿಳಿಯಬೇಕು. ಇದಕ್ಕೆ ಮೂರು ಸಂಗತಿ ನೋಡಿ: ಅನುಮೋದಿಸಿದ ದಿನಾಂಕ, ಅನುಮೋದಿಸುವಾಗ ಹಾಕಿದ ಷರತ್ತುಗಳು, ದೂರಿಗೆ ದಾರಿ ಮಾಡುವ ಐಚ್ಛಿಕ ಪ್ರೋಟೋಕಾಲ್‌ಗೆ ಸೇರಿದೆಯೋ ಇಲ್ಲವೋ. ಮೂರೂ ವಿಶ್ವಸಂಸ್ಥೆಯ ಒಪ್ಪಂದಗಳ ಸಂಗ್ರಹದ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತವೆ. ಅರ್ಧ ಗಂಟೆಯ ಕೆಲಸ, ಆದರೆ ಇದನ್ನು ಬಿಟ್ಟು ಮುಂದೆ ಹೋದವರು ತಿಂಗಳುಗಟ್ಟಲೆ ಕಳೆದುಕೊಳ್ಳುತ್ತಾರೆ.

ಷರತ್ತುಗಳೆಂದರೆ, "ಒಪ್ಪಂದ ಒಪ್ಪುತ್ತೇವೆ, ಆದರೆ ಈ ವಿಧಿಗೆ ಕಟ್ಟುಬೀಳುವುದಿಲ್ಲ" ಎಂಬ ತಕರಾರು. ಸೀಡಾಕ್ಕೆ ಬಿದ್ದಷ್ಟು ತಕರಾರು ಬಿದ್ದ ಮಾನವ ಹಕ್ಕು ಒಪ್ಪಂದಗಳು ಬಹಳ ಕಡಿಮೆ, ಮತ್ತು ಅವು ಬಿದ್ದದ್ದು ಎಲ್ಲಿ ಎಂದು ನೋಡಿದರೆ ಈ ಹೋರಾಟದ ಗಂಟು ಎಲ್ಲಿದೆ ಎಂದೂ ಗೊತ್ತಾಗುತ್ತದೆ: ಮದುವೆ, ವಿಚ್ಛೇದನ, ಆಸ್ತಿ ಹೇಳುವ 16ನೇ ವಿಧಿ, ತಾಯಿ ತನ್ನ ಮಕ್ಕಳಿಗೆ ಪೌರತ್ವ ಕೊಡುವ 9ನೇ ವಿಧಿ, ಕೆಲವೊಮ್ಮೆ ಇಡೀ ಒಪ್ಪಂದದ ಬೆನ್ನೆಲುಬಾದ 2ನೇ ವಿಧಿಗೇ. ಒಪ್ಪಂದದ ಮೂಲ ಆಶಯಕ್ಕೆ ಹೊಂದದ ಷರತ್ತು ಹಾಕುವಂತಿಲ್ಲ ಎಂದು 28ನೇ ವಿಧಿ ಹೇಳುತ್ತದೆ. ಆದರೆ ಹೊಂದುತ್ತದೋ ಇಲ್ಲವೋ ಎಂದು ತೀರ್ಮಾನಿಸಿ ಷರತ್ತನ್ನು ಹೊಡೆದುಹಾಕುವ ಅಧಿಕಾರವನ್ನು ಯಾರ ಕೈಗೂ ಕೊಟ್ಟಿಲ್ಲ. ಇದು ಒಪ್ಪಂದದ ರಚನೆಯಲ್ಲೇ ಉಳಿದ ದೋಷ, ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಹಾಗೆಂದು ಷರತ್ತು ಕಲ್ಲಿನ ಮೇಲಿನ ಬರಹವೂ ಅಲ್ಲ. ಮೊರಾಕ್ಕೊ 2011ರಲ್ಲಿ, ಟ್ಯುನೀಷಿಯ 2014ರಲ್ಲಿ ಮುಖ್ಯ ಷರತ್ತುಗಳನ್ನು ಹಿಂತೆಗೆದುಕೊಂಡವು. ಎರಡೂ ಕಡೆ ಅದಕ್ಕೆ ಮೊದಲು ಒಳಗಿನ ಮಹಿಳಾ ಸಂಘಟನೆಗಳು ವರ್ಷಾನುಗಟ್ಟಲೆ ಒತ್ತಡ ಹಾಕಿದ್ದವು.

ಐಚ್ಛಿಕ ಪ್ರೋಟೋಕಾಲ್ ಇನ್ನೊಂದು ಪ್ರತ್ಯೇಕ ಒಪ್ಪಂದ. 1999ರ ಅಕ್ಟೋಬರ್ 6ರಂದು ಅಂಗೀಕಾರವಾಗಿ 2000ದ ಡಿಸೆಂಬರ್ 22ರಿಂದ ಜಾರಿಯಲ್ಲಿದೆ. ಇದಕ್ಕೆ ಸೇರಿದ ದೇಶದ ಮೇಲೆ ಮಾತ್ರ ಒಬ್ಬ ಮಹಿಳೆ ನೇರವಾಗಿ ಸಮಿತಿಗೆ ದೂರು ಕೊಡಬಹುದು. ಸೇರಿದ ದೇಶಗಳು ನೂರನ್ನು ದಾಟಿವೆ. ನೇಪಾಳ, ಶ್ರೀಲಂಕಾ, ಬಾಂಗ್ಲಾದೇಶ ಸೇರಿವೆ. ಭಾರತ, ಪಾಕಿಸ್ತಾನ, ಚೀನಾ ಸೇರಿಲ್ಲ. ನಿಮ್ಮ ದೇಶ ಸೇರಿಲ್ಲದಿದ್ದರೆ ದೂರಿನ ಬಾಗಿಲು ಮುಚ್ಚಿದೆ ಎಂದೇ ತಿಳಿಯಿರಿ. ವರದಿಯ ಬಾಗಿಲು ಎಲ್ಲ ಸದಸ್ಯ ದೇಶಗಳಿಗೂ ತೆರೆದಿದೆ, ಮತ್ತು ನನ್ನ ಅಭಿಪ್ರಾಯದಲ್ಲಿ ಸಣ್ಣ ಸಂಘಟನೆಗೆ ಹೆಚ್ಚು ಫಲ ಕೊಡುವುದೂ ಅದೇ.

ವರದಿಯ ಸುತ್ತು ನಡೆಯುವ ರೀತಿ ಹೀಗೆ. ಸದಸ್ಯ ದೇಶ ಮೊದಲ ವರದಿಯನ್ನು ಒಂದು ವರ್ಷದೊಳಗೆ, ಆಮೇಲೆ ಕನಿಷ್ಠ ನಾಲ್ಕು ವರ್ಷಕ್ಕೊಮ್ಮೆ ಕೊಡಬೇಕು. ತಡವಾಗುವುದೇ ಹೆಚ್ಚು. ವರದಿಯನ್ನು ಪರಿಶೀಲಿಸುವುದು 23 ತಜ್ಞರ ಸಮಿತಿ. ಅವರನ್ನು ಸದಸ್ಯ ದೇಶಗಳು ಗುಪ್ತ ಮತದಾನದಿಂದ ನಾಲ್ಕು ವರ್ಷಕ್ಕೆ ಆರಿಸುತ್ತವೆ. ಅವರು ಕೂರುವುದು ತಂತಮ್ಮ ಸರ್ಕಾರದ ಪ್ರತಿನಿಧಿಗಳಾಗಿ ಅಲ್ಲ, ಸ್ವಂತ ಹೆಸರಿನಲ್ಲಿ. ವರದಿಯ ಚರ್ಚೆಗೆ ಕೆಲವು ತಿಂಗಳು ಮುಂಚೆ ಸಮಿತಿಯ ಒಂದು ಸಣ್ಣ ಗುಂಪು ಕುಳಿತು ಆ ದೇಶಕ್ಕೆ ಕೇಳಬೇಕಾದ ಪ್ರಶ್ನೆಗಳ ಪಟ್ಟಿ ಮಾಡುತ್ತದೆ. ಆಮೇಲೆ ಜಿನೀವಾದಲ್ಲಿ ಸರ್ಕಾರದ ನಿಯೋಗವನ್ನು ಎದುರಿಗೆ ಕೂರಿಸಿಕೊಂಡು, ಮೂರು ಮೂರು ಗಂಟೆಯ ಎರಡು ಬೈಠಕ್‌ಗಳಲ್ಲಿ ವಿಧಿ ವಿಧಿಯಾಗಿ ಪ್ರಶ್ನಿಸುತ್ತದೆ. ಕೊನೆಗೆ ತನ್ನ ಅಂತಿಮ ಅಭಿಪ್ರಾಯ ಮತ್ತು ಶಿಫಾರಸುಗಳನ್ನು ಪ್ರಕಟಿಸುತ್ತದೆ. ಅವುಗಳಲ್ಲಿ ಆಯ್ದ ಕೆಲವಕ್ಕೆ ಎರಡು ವರ್ಷದೊಳಗೆ ಉತ್ತರ ಕೊಡುವಂತೆ ಹೇಳುತ್ತದೆ.

ಸಂಘಟನೆಗಳ ಪರ್ಯಾಯ ವರದಿ, ಅಂದರೆ ಎಲ್ಲರೂ ಶ್ಯಾಡೋ ರಿಪೋರ್ಟ್ ಎನ್ನುವುದು, ಈ ಸುತ್ತಿನಲ್ಲಿ ಎರಡು ಕಡೆ ಸೇರಿಕೊಳ್ಳಬಹುದು: ಪ್ರಶ್ನೆಪಟ್ಟಿ ತಯಾರಾಗುವ ಮುಂಚೆ ಮತ್ತು ಜಿನೀವಾ ಚರ್ಚೆಗೆ ಮುಂಚೆ. ಬಹುಪಾಲು ಸಂಘಟನೆಗಳು ಎರಡನೆಯದಕ್ಕೆ ಮಾತ್ರ ಓಡುತ್ತವೆ. ಅದು ತಪ್ಪು ಲೆಕ್ಕ. ಪ್ರಶ್ನೆಪಟ್ಟಿಯಲ್ಲಿ ನಿಮ್ಮ ವಿಷಯ ಬಿದ್ದರೆ ಸರ್ಕಾರ ಅದಕ್ಕೆ ಬರಹದಲ್ಲಿ ಉತ್ತರ ಕೊಡಬೇಕಾಗುತ್ತದೆ. ಆ ಉತ್ತರ ತಪ್ಪಾಗಿದ್ದರೆ ಅದನ್ನು ತೋರಿಸಲು ನಿಮಗೆ ಎರಡನೇ ಅವಕಾಶ ಇದ್ದೇ ಇರುತ್ತದೆ. ಮೊದಲ ಹೆಜ್ಜೆ ತಪ್ಪಿದರೆ, ಕೊನೆಯ ದಿನ ಆರು ಗಂಟೆಯ ಮಾತುಕತೆಯಲ್ಲಿ ನಿಮ್ಮ ವಿಷಯಕ್ಕೆ ಜಾಗ ಸಿಗುವುದು ಕಷ್ಟ. ಎರಡಕ್ಕೂ ಕೊನೆಯ ದಿನಾಂಕ ಮತ್ತು ಪದಮಿತಿ ಇರುತ್ತವೆ. ಅವು ಆಯಾ ಅಧಿವೇಶನದ ಸೂಚನೆಯಲ್ಲಿ ಪ್ರಕಟವಾಗುತ್ತವೆ, ಪ್ರತಿ ಸಲ ಹೊಸದಾಗಿ ನೋಡಿಕೊಳ್ಳಿ.

ವರದಿ ಬರೆಯುವಾಗ ಸಾಮಾನ್ಯವಾಗಿ ಕೆಡುವುದು ಎಲ್ಲಿ ಎಂದರೆ, ನೋವನ್ನು ಬರೆದು ಸಂಖ್ಯೆಯನ್ನು ಬಿಡುವಲ್ಲಿ. "ನಮ್ಮ ದೇಶದಲ್ಲಿ ಹೆಣ್ಣಿಗೆ ರಕ್ಷಣೆಯಿಲ್ಲ" ಎಂಬ ವಾಕ್ಯವನ್ನು ತಜ್ಞರು ಪ್ರತಿ ದೇಶದಿಂದಲೂ ಓದಿರುತ್ತಾರೆ. ಅದರಿಂದ ಪ್ರಶ್ನೆ ಹುಟ್ಟುವುದಿಲ್ಲ. ಅದೇ ಮಾತನ್ನು ಹೀಗೆ ಒಡೆಯಿರಿ: ಕಳೆದ ಮೂರು ವರ್ಷದಲ್ಲಿ ದಾಖಲಾದ ದೂರು ಎಷ್ಟು, ದಾಖಲಿಸಲು ನಿರಾಕರಿಸಿದ ಪ್ರಸಂಗ ನಿಮ್ಮ ಪುಸ್ತಕದಲ್ಲಿ ಎಷ್ಟು, ಆರೋಪಪಟ್ಟಿ ಸಲ್ಲಿಕೆಯಾದವು ಎಷ್ಟು, ಶಿಕ್ಷೆಯಾದವು ಎಷ್ಟು, ರಕ್ಷಣಾ ಆದೇಶ ಸಿಗಲು ಹಿಡಿದ ದಿನಗಳು ಎಷ್ಟು, ಆದೇಶ ಮುರಿದಾಗ ಬಂಧನವಾದದ್ದು ಎಷ್ಟು ಸಲ. ಆಶ್ರಯಧಾಮಗಳ ಬಗ್ಗೆ ಬರೆಯುವುದಾದರೆ ಒಂದು ಅಳತೆಗೋಲು ಕೈಯಲ್ಲಿರಲಿ. ಮಹಿಳೆಯರ ಮೇಲಿನ ಹಿಂಸೆ ತಡೆಯಲೆಂದೇ ಇರುವ ಯುರೋಪಿನ ಇಸ್ತಾಂಬುಲ್ ಒಪ್ಪಂದದ ವಿವರಣಾ ಟಿಪ್ಪಣಿ ಪ್ರತಿ 10,000 ಜನಸಂಖ್ಯೆಗೆ ಒಂದು ಕುಟುಂಬ ತಂಗುವಷ್ಟು ಜಾಗ ಬೇಕೆನ್ನುತ್ತದೆ. ನಿಮ್ಮ ದೇಶ ಆ ಒಪ್ಪಂದದ ಸದಸ್ಯ ಅಲ್ಲದಿದ್ದರೂ ಹೋಲಿಕೆಗೆ ಅದು ಬರುತ್ತದೆ.

ಇನ್ನೊಂದು, ಕಾನೂನಿನ ಹೆಸರಿಗೆ ಮರುಳಾಗಬೇಡಿ. ಸರ್ಕಾರದ ವರದಿಯಲ್ಲಿ ಪುಟಗಟ್ಟಲೆ ಕಾಯಿದೆಗಳ ಪಟ್ಟಿ ಇರುತ್ತದೆ. ಕಾಯಿದೆ ಇರುವುದಕ್ಕೂ ಅದನ್ನು ನಡೆಸುವ ವ್ಯವಸ್ಥೆ ಇರುವುದಕ್ಕೂ ಎಷ್ಟು ಅಂತರ ಎಂಬುದನ್ನು ವಿಶ್ವಬ್ಯಾಂಕಿನ 2024ರ ಅಧ್ಯಯನ ಅಳೆದು ತೋರಿಸಿತು: ಸಮಾನ ಮೌಲ್ಯದ ಕೆಲಸಕ್ಕೆ ಸಮಾನ ವೇತನದ ಕಾನೂನು 98 ದೇಶ-ಪ್ರದೇಶಗಳಲ್ಲಿತ್ತು, ಆದರೆ ವೇತನವನ್ನು ಬಹಿರಂಗಪಡಿಸಿ ವ್ಯತ್ಯಾಸ ಹಿಡಿಯುವ ಏರ್ಪಾಡು ಇದ್ದದ್ದು 35ರಲ್ಲಿ ಮಾತ್ರ. ಯಾರಿಗೆ ಎಷ್ಟು ಸಂಬಳ ಎಂದೇ ತಿಳಿಯದ ಹೆಂಗಸು ಕಡಿಮೆ ಸಿಕ್ಕಿತೆಂದು ದೂರು ಕೊಡುವುದಾದರೂ ಹೇಗೆ? ನಿಮ್ಮ ವಿಷಯದಲ್ಲೂ ಹೀಗೆಯೇ ಕೇಳಿ. ಕಾಯಿದೆ ಬಂದ ಮೇಲೆ ನಿಯಮ ಬಂತೇ, ಹಣ ಎಷ್ಟು ಇಟ್ಟರು, ಎಷ್ಟು ಖರ್ಚಾಯಿತು, ತರಬೇತಾದ ಅಧಿಕಾರಿಗಳು ಎಷ್ಟು, ಕರ್ತವ್ಯ ತಪ್ಪಿದ ಅಧಿಕಾರಿಗೆ ಏನಾಯಿತು. ಕೊನೆಯ ಪ್ರಶ್ನೆಯನ್ನು ಬಿಡಲೇಬೇಡಿ. ಸರ್ಕಾರದ ವರದಿಗಳಲ್ಲಿ ಅತಿ ಕಡಿಮೆ ಉತ್ತರ ಸಿಗುವುದು ಅದಕ್ಕೇ.

ಪ್ರತಿ ವಿಷಯದ ಕೊನೆಗೆ ನಿಮಗೆ ಬೇಕಾದ ಶಿಫಾರಸನ್ನು ನೀವೇ ಒಂದೇ ವಾಕ್ಯದಲ್ಲಿ ಬರೆದುಕೊಡಿ: ಯಾವ ಇಲಾಖೆ, ಏನು, ಎಷ್ಟು ಕಾಲದಲ್ಲಿ. "ಜಾಗೃತಿ ಮೂಡಿಸಬೇಕು" ಎಂದು ಬರೆದರೆ ಸರ್ಕಾರ ಒಂದು ಮೆರವಣಿಗೆ ಮಾಡಿ ಮುಗಿಸುತ್ತದೆ. "ದೂರು ನಿರಾಕರಿಸಿದ ಕಾರಣವನ್ನು 24 ಗಂಟೆಯೊಳಗೆ ಬರಹದಲ್ಲಿ ಕೊಡುವುದನ್ನು ಕಡ್ಡಾಯ ಮಾಡಿ" ಎಂದರೆ ಆಯಿತೋ ಇಲ್ಲವೋ ಎಂದು ಮುಂದಿನ ಸುತ್ತಿನಲ್ಲಿ ಕೇಳಬಹುದು. ಇಪ್ಪತ್ತು ವಿಷಯಕ್ಕಿಂತ ಮೂರು ವಿಷಯ ಲೇಸು. ನಿಮ್ಮ ಹಾಗೆ ಕೆಲಸ ಮಾಡುವ ಐದಾರು ಸಂಘಟನೆ ಸೇರಿ ಒಂದೇ ವರದಿ ಕೊಟ್ಟರೆ ಓದುವವರಿಗೂ ಸುಲಭ, ಒಬ್ಬರ ಮೇಲೆ ಸರ್ಕಾರದ ಕಣ್ಣು ಬೀಳುವುದೂ ತಪ್ಪುತ್ತದೆ. ಕೊಟ್ಟ ವರದಿ ಸಾಮಾನ್ಯವಾಗಿ ಜಾಲತಾಣದಲ್ಲಿ ಪ್ರಕಟವಾಗುತ್ತದೆ. ಆದ್ದರಿಂದ ಹೆಂಗಸರ ಹೆಸರು, ಊರು, ಮಕ್ಕಳ ಸಂಖ್ಯೆ, ಗುರುತು ಹಿಡಿಯಬಹುದಾದ ಯಾವ ವಿವರವೂ ಅದರಲ್ಲಿ ಇರಕೂಡದು.

ಈಗ ದೂರಿನ ಬಾಗಿಲು. ದೂರನ್ನು ಬಾಧಿತಳೇ ಕೊಡಬಹುದು, ಅವಳ ಪರವಾಗಿ ಸಂಘಟನೆಯೂ ಕೊಡಬಹುದು. ಪರವಾಗಿ ಕೊಟ್ಟರೆ ಅವಳ ಒಪ್ಪಿಗೆ ಬರಹದಲ್ಲಿರಲಿ. ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಬರಹದಲ್ಲಿರಬೇಕು, ಅನಾಮಧೇಯವಾಗಿರಕೂಡದು. ಸಮಿತಿಗೆ ಹೆಸರು ಗೊತ್ತಿರಬೇಕು, ಉತ್ತರ ಕೊಡಬೇಕಾದ್ದರಿಂದ ಸರ್ಕಾರಕ್ಕೂ ತಿಳಿಯುತ್ತದೆ. ಪ್ರಕಟವಾಗುವ ತೀರ್ಮಾನದಲ್ಲಿ ಮಾತ್ರ ಹೆಸರಿನ ಬದಲು ಅಕ್ಷರಗಳನ್ನಷ್ಟೇ ಹಾಕುವಂತೆ ಕೋರಬಹುದು. ಈ ವ್ಯತ್ಯಾಸವನ್ನು ದೂರುದಾರಳಿಗೆ ಮೊದಲೇ ಬಿಡಿಸಿ ಹೇಳಿ. ಸರ್ಕಾರಕ್ಕೆ ತನ್ನ ಹೆಸರು ಹೋಗುತ್ತದೆಂದು ಅವಳಿಗೆ ನಡುದಾರಿಯಲ್ಲಿ ಗೊತ್ತಾಗುವಂತಾಗಬಾರದು.

ಬಹಳಷ್ಟು ದೂರುಗಳು ಬೀಳುವುದು ಒಂದೇ ಹೊಸ್ತಿಲಲ್ಲಿ: ದೇಶದೊಳಗೆ ಸಿಗುವ ಪರಿಹಾರದ ದಾರಿಗಳನ್ನೆಲ್ಲ ಮುಗಿಸಿರಬೇಕು ಎಂಬ ನಿಯಮ. ಸಮಿತಿಗೆ ಬಂದ ಮೊಟ್ಟಮೊದಲ ದೂರು ಜರ್ಮನಿಯ ಒಬ್ಬ ಮಹಿಳೆಯದು, ವಿಚ್ಛೇದನದ ನಂತರದ ಹಣಕಾಸಿನ ಬಗ್ಗೆ. 2004ರಲ್ಲಿ ಅದು ಇದೇ ಕಾರಣಕ್ಕೆ ತಿರಸ್ಕೃತವಾಯಿತು. ಇದರಲ್ಲಿ ಇನ್ನೂ ಸೂಕ್ಷ್ಮವಾದ ಒಂದು ಬಲೆ ಇದೆ. ಟರ್ಕಿಯ ಒಬ್ಬ ಶಿಕ್ಷಕಿಯನ್ನು ತಲೆವಸ್ತ್ರದ ಕಾರಣಕ್ಕೆ ಕೆಲಸದಿಂದ ತೆಗೆದರು. ಆಕೆ ದೇಶದೊಳಗಿನ ಕೋರ್ಟುಗಳಲ್ಲಿ ಹೋರಾಡಿದ್ದರು, ಆದರೆ ಹೆಣ್ಣೆಂಬ ಕಾರಣಕ್ಕೆ ತಾರತಮ್ಯವಾಗಿದೆ ಎಂಬ ವಾದವನ್ನು ಅಲ್ಲಿ ಎತ್ತಿರಲಿಲ್ಲ. 2006ರಲ್ಲಿ ಸಮಿತಿ ದೂರನ್ನು ಸ್ವೀಕರಿಸಲಿಲ್ಲ. ಇದರಿಂದ ತಿಳಿಯಬೇಕಾದ್ದು ಇಷ್ಟು: ಸಮಿತಿಗೆ ಬರೆಯಬೇಕಾದ ವಾಕ್ಯ ಕೆಳಗಿನ ಕೋರ್ಟಿನ ಮೊದಲ ಅರ್ಜಿಯಲ್ಲೇ ಇರಬೇಕು. "ಪೊಲೀಸರು ಕ್ರಮ ಕೈಗೊಳ್ಳಲಿಲ್ಲ" ಎಂದು ನಿಲ್ಲಿಸಬೇಡಿ. "ಹೆಣ್ಣಿನ ದೂರೆಂಬ ಕಾರಣಕ್ಕೆ ಕ್ರಮ ಕೈಗೊಳ್ಳಲಿಲ್ಲ, ಇದು ಲಿಂಗ ತಾರತಮ್ಯ" ಎಂದು ಸೇರಿಸಲು ನಿಮ್ಮ ವಕೀಲರಿಗೆ ಇಂದೇ ಹೇಳಿ. ಮುಂದೆ ಜಿನೀವಾಕ್ಕೆ ಹೋಗುವ ಯೋಚನೆ ಇಲ್ಲದಿದ್ದರೂ ಅದರಿಂದ ನಷ್ಟವಿಲ್ಲ.

ಈ ನಿಯಮಕ್ಕೆ ಎರಡು ವಿನಾಯಿತಿ: ಪರಿಹಾರದ ದಾರಿ ಅತಿಯಾಗಿ ಎಳೆಯುತ್ತಿದ್ದರೆ, ಅಥವಾ ಅದರಿಂದ ನಿಜವಾದ ಪರಿಹಾರ ಸಿಗುವ ಸಂಭವವೇ ಇಲ್ಲದಿದ್ದರೆ. "ವರ್ಷಗಟ್ಟಲೆ ಎಳೆಯುವ ಕೋರ್ಟು" ಎಂದಿರಲ್ಲ, ಅದಕ್ಕೆ ನೇರವಾಗಿ ಹೊಂದುವ ಪ್ರಕರಣ ಹಂಗೆರಿಯದು, ಸಂಖ್ಯೆ 2/2003. ಜೊತೆಗಾರನ ಹೊಡೆತಕ್ಕೆ ಸಿಕ್ಕ ತಾಯಿಗೆ ತೀವ್ರ ಅಂಗವೈಕಲ್ಯವಿದ್ದ ಮಗುವಿತ್ತು. ಅಂಥ ಮಗುವನ್ನು ಇಟ್ಟುಕೊಳ್ಳುವ ಸೌಕರ್ಯ ಯಾವ ಆಶ್ರಯಧಾಮದಲ್ಲೂ ಇರಲಿಲ್ಲ. ರಕ್ಷಣಾ ಆದೇಶ ಎಂಬುದೇ ಆಗ ಆ ದೇಶದ ಕಾನೂನಿನಲ್ಲಿರಲಿಲ್ಲ. ಮನೆಯಲ್ಲಿ ಆತನಿಗೂ ಆಸ್ತಿ ಹಕ್ಕಿದೆ ಎಂದು ಕೋರ್ಟು ಅವನನ್ನು ಮತ್ತೆ ಒಳಗೆ ಬಿಟ್ಟಿತು. ಕ್ರಿಮಿನಲ್ ಪ್ರಕರಣ ಮೂರು ವರ್ಷಕ್ಕೂ ಹೆಚ್ಚು ಎಳೆದಿತ್ತು. ಅಷ್ಟು ವಿಳಂಬವೇ ವಿನಾಯಿತಿಗೆ ಸಾಕೆಂದು ಸಮಿತಿ ಒಪ್ಪಿತು. ದೂರು ಬಂದದ್ದು 2003ರ ಅಕ್ಟೋಬರ್ 10ಕ್ಕೆ, ಆಕೆಗೆ ಮಧ್ಯಂತರ ರಕ್ಷಣೆ ಕೊಡುವಂತೆ ಸಮಿತಿ ಹಂಗೆರಿಯನ್ನು ಕೋರಿದ್ದು ಹತ್ತೇ ದಿನದಲ್ಲಿ. 2005ರ ಜನವರಿಯ ತೀರ್ಮಾನದಲ್ಲಿ, ಹೆಣ್ಣಿನ ಜೀವ ಮತ್ತು ದೇಹದ ಸುರಕ್ಷತೆಗಿಂತ ಆಸ್ತಿಯ ಹಕ್ಕಾಗಲಿ ಖಾಸಗಿತನದ ಹಕ್ಕಾಗಲಿ ಮೇಲಲ್ಲ ಎಂದು ಸ್ಪಷ್ಟಪಡಿಸಿತು. ಜೀವಕ್ಕೆ ಅಪಾಯವಿದ್ದರೆ ದೂರಿನ ಮೊದಲ ಪುಟದಲ್ಲೇ ಮಧ್ಯಂತರ ರಕ್ಷಣೆಯ ಕೋರಿಕೆಯನ್ನು ಪ್ರತ್ಯೇಕವಾಗಿ ಬರೆಯಿರಿ, ಇತ್ತೀಚಿನ ಬೆದರಿಕೆಯ ದಾಖಲೆಯನ್ನು ಲಗತ್ತಿಸಿ.

ಪೊಲೀಸರ ಪ್ರಶ್ನೆಗೆ ಆಸ್ಟ್ರಿಯದ ಪ್ರಕರಣ ಓದಿ, ಸಂಖ್ಯೆ 5/2005. ಅಲ್ಲಿ ಆಗಲೇ ಒಳ್ಳೆಯ ಕಾನೂನಿತ್ತು, ಆಶ್ರಯ ಕೇಂದ್ರಗಳಿದ್ದವು. ಆದರೂ 2002ರ ಡಿಸೆಂಬರಿನಲ್ಲಿ ಒಬ್ಬ ಗಂಡ ಹೆಂಡತಿಯನ್ನು ಗುಂಡಿಟ್ಟು ಕೊಂದ. ಅದಕ್ಕೆ ಕೆಲವೇ ಗಂಟೆ ಮೊದಲು ಆಕೆ ಪೊಲೀಸರಿಗೆ ಕರೆ ಮಾಡಿದ್ದರು, ಯಾರೂ ಬರಲಿಲ್ಲ. ಹಿಂದಿನ ಹಿಂಸೆಯೆಲ್ಲ ದಾಖಲಾಗಿದ್ದಾಗ ಆ ಕರೆಯನ್ನು ತುರ್ತೆಂದು ಪರಿಗಣಿಸಬೇಕಿತ್ತು, ಪರಿಗಣಿಸದಿದ್ದದ್ದು ಸರ್ಕಾರದ ಹೊಣೆಗೇಡಿತನ ಎಂದು ಸಮಿತಿ 2007ರಲ್ಲಿ ಹೇಳಿತು. ದೂರು ತಂದದ್ದು ವಿಯೆನ್ನಾದ ಎರಡು ಮಹಿಳಾ ಸಂಘಟನೆಗಳು, ಸತ್ತವಳ ಮಕ್ಕಳ ಪರವಾಗಿ. ಅವರ ಪ್ರಕರಣ ನಿಂತದ್ದು ಹಿಂದಿನ ಪ್ರತಿ ಕರೆ, ಪ್ರತಿ ಭೇಟಿ, ಪ್ರತಿ ನಿರಾಕರಣೆಯ ದಿನಾಂಕ ಕೈಯಲ್ಲಿದ್ದದ್ದರಿಂದ. ಮೌಖಿಕವಾಗಿ ದೂರು ಕೊಟ್ಟು ಬರುವ ರೂಢಿಯನ್ನು ಇವತ್ತೇ ನಿಲ್ಲಿಸಿ. ಸ್ವೀಕೃತಿ ಕೊಡದಿದ್ದರೆ ಅಂಚೆಯಲ್ಲೋ ಇಮೇಲ್‌ನಲ್ಲೋ ಅದೇ ದಿನ ಕಳಿಸಿ, ಸಮಯ ಮುದ್ರೆಯಾಗುವಂತೆ ನೋಡಿಕೊಳ್ಳಿ.

ಕೋರ್ಟಿನ ಮನೋಭಾವದ ಮೇಲೂ ದೂರು ನಿಲ್ಲುತ್ತದೆ ಎಂಬುದಕ್ಕೆ ಫಿಲಿಪ್ಪೀನ್ಸ್ ಸಾಕ್ಷಿ. 1996ರ ಅತ್ಯಾಚಾರ ಪ್ರಕರಣವೊಂದು ಕೆಳಗಿನ ಕೋರ್ಟಿನಲ್ಲಿ ಎಂಟು ವರ್ಷ ಎಳೆದು, "ಆಕೆ ತಪ್ಪಿಸಿಕೊಳ್ಳಬಹುದಿತ್ತಲ್ಲ" ಎಂಬ ಧಾಟಿಯ ತರ್ಕದಲ್ಲಿ 2005ರಲ್ಲಿ ಖುಲಾಸೆಯಾಯಿತು. ಸಮಿತಿ ಸಾಕ್ಷ್ಯವನ್ನು ಮರುವಿಚಾರಣೆ ಮಾಡಲಿಲ್ಲ. ಹಾಗೆ ಮಾಡಿ ಎಂದು ಕೇಳಿದರೆ ದೂರು ಬೀಳುತ್ತದೆ. ಅದು ನೋಡಿದ್ದು ತೀರ್ಪಿನ ಭಾಷೆಯಲ್ಲಿ ಅಡಗಿದ್ದ ಪೂರ್ವಗ್ರಹವನ್ನು. 2010ರಲ್ಲಿ ಅದು 2 ಮತ್ತು 5ನೇ ವಿಧಿಯ ಉಲ್ಲಂಘನೆ ಎಂದಿತು.

ದೂರು ನೋಂದಣಿಯಾಗಿ ಸರ್ಕಾರಕ್ಕೆ ತಲುಪಿದ ಮೇಲೆ ಉತ್ತರಕ್ಕೆ ಆರು ತಿಂಗಳ ಅವಕಾಶ. ತೀರ್ಮಾನ ಬಂದ ಮೇಲೆ ಏನು ಕ್ರಮ ಕೈಗೊಂಡೆವು ಎಂದು ತಿಳಿಸಲು ಮತ್ತೆ ಆರು ತಿಂಗಳು. ನಡುವಿನ ಕಾಯುವಿಕೆ ವರ್ಷಗಳದ್ದು. ಆ ಕಾಲದಲ್ಲಿ ದೂರುದಾರಳ ವಾಸ, ಸುರಕ್ಷತೆ, ಮಕ್ಕಳ ಶಾಲೆಗೆ ಏನು ವ್ಯವಸ್ಥೆ ಎಂದು ಉತ್ತರವಿಲ್ಲದಿದ್ದರೆ ದೂರನ್ನು ಶುರುಮಾಡಬೇಡಿ. ಸಮಿತಿ ಜೀವನ ನಿರ್ವಹಣೆಗೆ ಹಣ ಕೊಡುವುದಿಲ್ಲ.

ವ್ಯವಸ್ಥೆಯೇ ಕೆಟ್ಟಿದ್ದರೆ, ಒಬ್ಬಳ ಪ್ರಕರಣಕ್ಕಿಂತ ತನಿಖೆಯ ದಾರಿ ಮೇಲು. ಗಂಭೀರವಾದ ಇಲ್ಲವೇ ವ್ಯವಸ್ಥಿತವಾದ ಉಲ್ಲಂಘನೆಯ ಬಗ್ಗೆ ನಂಬಲರ್ಹ ಮಾಹಿತಿ ಬಂದರೆ ಪ್ರೋಟೋಕಾಲ್‌ನ 8ನೇ ವಿಧಿಯಂತೆ ಸಮಿತಿಯೇ ವಿಚಾರಣೆ ನಡೆಸಬಹುದು. ಮೆಕ್ಸಿಕೊದ ಸಿಯುದಾದ್ ಹ್ವಾರೆಸ್ ನಗರದ ಹೆಂಗಸರ ಕೊಲೆಗಳ ಬಗ್ಗೆ, ಕೆನಡಾದ ಕಾಣೆಯಾದ ಮತ್ತು ಕೊಲೆಯಾದ ಮೂಲನಿವಾಸಿ ಮಹಿಳೆಯರ ಬಗ್ಗೆ, ಕಿರ್ಗಿಸ್ತಾನದ ವಧು ಅಪಹರಣದ ಬಗ್ಗೆ ಹೀಗೆ ವಿಚಾರಣೆಗಳಾಗಿವೆ. ಉತ್ತರ ಐರ್ಲೆಂಡಿನ ಗರ್ಭಪಾತ ಕಾನೂನಿನ ವಿರುದ್ಧ ಸಂಘಟನೆಗಳು 2010ರಲ್ಲಿ ಮಾಹಿತಿ ಕೊಟ್ಟವು, ಸಮಿತಿಯ ವರದಿ ಬಂದದ್ದು 2018ರಲ್ಲಿ. 2019ರಲ್ಲಿ ಬ್ರಿಟಿಷ್ ಸಂಸತ್ತು ಆ ವರದಿಯ ಶಿಫಾರಸುಗಳನ್ನು ಜಾರಿ ಮಾಡಬೇಕೆಂದು ಕಾಯಿದೆಯಲ್ಲೇ ಬರೆಯಿತು. ಎಂಟು ವರ್ಷ ದೀರ್ಘವೇ, ಆದರೆ ಬದಲಾದದ್ದು ಇಡೀ ಪ್ರದೇಶದ ಕಾನೂನು. ಒಂದು ಎಚ್ಚರಿಕೆ: ಪ್ರೋಟೋಕಾಲ್‌ಗೆ ಸೇರುವಾಗಲೇ ತನಿಖೆಗೆ ಒಪ್ಪುವುದಿಲ್ಲ ಎಂದು ಹೇಳಿಕೊಳ್ಳಲು ದೇಶಗಳಿಗೆ ಅವಕಾಶವಿದೆ. ಬಾಂಗ್ಲಾದೇಶ ಹಾಗೆ ಮಾಡಿದೆ.

ನಿಮ್ಮ ಪ್ರಶ್ನೆಯ ನೋವಿನ ಭಾಗಕ್ಕೆ ಬರುತ್ತೇನೆ. ಹೌದು, ಸಮಿತಿಗೆ ಪೊಲೀಸರಿಲ್ಲ, ದಂಡ ಹಾಕುವ ಅಧಿಕಾರವಿಲ್ಲ. ಸರ್ಕಾರ ಕೇಳದೆ ಕೂತರೆ ಅದು ಮತ್ತೆ ಮತ್ತೆ ಬರೆಯಬಹುದಷ್ಟೆ. ಅಫ್ಘಾನಿಸ್ತಾನ 2003ರಲ್ಲಿ ಒಂದು ಷರತ್ತನ್ನೂ ಹಾಕದೆ ಸೀಡಾಕ್ಕೆ ಸೇರಿತ್ತು. 2021ರ ನಂತರ ಅಲ್ಲಿನ ಹೆಣ್ಣುಮಕ್ಕಳಿಗೆ ಪ್ರೌಢಶಾಲೆಯ ಬಾಗಿಲು ಮುಚ್ಚಿತು. ಒಂದು ದೇಶ ಇನ್ನೊಂದರ ಮೇಲೆ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಲು 29ನೇ ವಿಧಿಯಲ್ಲಿ ದಾರಿಯಿದೆ: ಮೊದಲು ಮಾತುಕತೆ, ಆಮೇಲೆ ಮಧ್ಯಸ್ಥಿಕೆಯ ಕೋರಿಕೆ, ಆರು ತಿಂಗಳಲ್ಲಿ ಒಪ್ಪಂದವಾಗದಿದ್ದರೆ ನ್ಯಾಯಾಲಯ. 2024ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯ, ಕೆನಡಾ, ಜರ್ಮನಿ, ನೆದರ್‌ಲೆಂಡ್ಸ್ ಸೇರಿ ಆ ದಾರಿಯ ಮೊದಲ ಹೆಜ್ಜೆ ಇಡುವುದಾಗಿ ಘೋಷಿಸಿದವು. ಆದರೆ ಅದು ಸರ್ಕಾರಗಳ ಕೈಯಲ್ಲಿರುವ ದಾರಿ, ನಿಮ್ಮದಲ್ಲ.

ನಿಮ್ಮ ಕೈಯಲ್ಲಿರುವುದು ನಿಮ್ಮದೇ ದೇಶದ ಕೋರ್ಟು. ಸೀಡಾ ಅತಿ ಗಟ್ಟಿಯಾಗಿ ಕೆಲಸ ಮಾಡಿರುವುದು ಅಲ್ಲಿ. ಟಾಂಜಾನಿಯದ ಹೈಕೋರ್ಟು 1990ರಲ್ಲಿ, ಕುಲದ ಜಮೀನನ್ನು ಹೆಣ್ಣು ಮಾರುವಂತಿಲ್ಲ ಎಂಬ ಸಾಂಪ್ರದಾಯಿಕ ನಿಯಮವನ್ನು ತಳ್ಳಿಹಾಕುವಾಗ ಇದನ್ನು ಉಲ್ಲೇಖಿಸಿತು. ಕೆಲಸದ ಜಾಗದ ಲೈಂಗಿಕ ಕಿರುಕುಳದ ಬಗ್ಗೆ ಕಾನೂನೇ ಇಲ್ಲದಿದ್ದಾಗ ಭಾರತದ ಸುಪ್ರೀಂ ಕೋರ್ಟು 1997ರ ವಿಶಾಖಾ ತೀರ್ಪಿನಲ್ಲಿ ಸೀಡಾದ 11ನೇ ವಿಧಿ ಮತ್ತು 19ನೇ ಶಿಫಾರಸನ್ನು ಆಧರಿಸಿ ಮಾರ್ಗಸೂಚಿ ಬರೆಯಿತು. ಕಾಯಿದೆ ಬಂದದ್ದು 2013ರಲ್ಲಿ. ಭಾರತ ಪ್ರೋಟೋಕಾಲ್‌ಗೆ ಸೇರಿಲ್ಲ ಎಂಬುದು ಅದಕ್ಕೆ ಅಡ್ಡಿಯಾಗಲಿಲ್ಲ.

ಸ್ಪೇನಿನದು ಇವೆಲ್ಲಕ್ಕಿಂತ ಮುಖ್ಯ, ಏಕೆಂದರೆ ಅಲ್ಲಿ ಸಮಿತಿಯ ಬಾಗಿಲು, ದೇಶದ ಕೋರ್ಟಿನ ಬಾಗಿಲು ಎರಡೂ ಒಂದಕ್ಕೊಂದು ಕೂಡಿದವು. ಹಿಂಸೆ ತಾಳದೆ ಗಂಡನನ್ನು ಬಿಟ್ಟ ತಾಯಿಯೊಬ್ಬಳು ಪೊಲೀಸರಿಗೂ ಕೋರ್ಟಿಗೂ 30ಕ್ಕೂ ಹೆಚ್ಚು ದೂರು ಕೊಟ್ಟಿದ್ದಳು. ಆದರೂ ತಂದೆಗೆ ಮೇಲ್ವಿಚಾರಣೆಯಿಲ್ಲದೆ ಮಗಳನ್ನು ಭೇಟಿಯಾಗಲು ಕೋರ್ಟು ಬಿಟ್ಟಿತು. 2003ರ ಏಪ್ರಿಲ್‌ನಲ್ಲಿ ಅಂಥದೊಂದು ಭೇಟಿಯಲ್ಲಿ ಅವನು ಏಳು ವರ್ಷದ ಆ ಮಗುವನ್ನು ಕೊಂದ. ತಾಯಿಗೆ ಪರಿಹಾರವನ್ನು ಎಲ್ಲ ಹಂತಗಳಲ್ಲೂ ನಿರಾಕರಿಸಿದರು. 2014ರಲ್ಲಿ ಸಮಿತಿ ಅವಳ ಪರ ತೀರ್ಮಾನಿಸಿತು, ಸರ್ಕಾರ ಅದನ್ನೂ ಪಾಲಿಸಲಿಲ್ಲ. ಅವಳು ಆ ತೀರ್ಮಾನವನ್ನು ಹಿಡಿದುಕೊಂಡೇ ಮತ್ತೆ ದೇಶದ ಕೋರ್ಟಿಗೆ ಹೋದಳು. 2018ರ ಜುಲೈಯಲ್ಲಿ ಸ್ಪೇನಿನ ಸುಪ್ರೀಂ ಕೋರ್ಟು, ಸಮಿತಿಯ ತೀರ್ಮಾನಕ್ಕೆ ಸರ್ಕಾರ ಬದ್ಧ ಎಂದು ಹೇಳಿ 6,00,000 ಯೂರೊ ಪರಿಹಾರಕ್ಕೆ ಆದೇಶಿಸಿತು. ಜಿನೀವಾದಿಂದ ಬಂದ ಕಾಗದವನ್ನು ಮನೆಯಲ್ಲಿಟ್ಟಿದ್ದರೆ ಅದು ಆಗುತ್ತಿರಲಿಲ್ಲ.

ಹಾಗಾದರೆ ಎಲ್ಲಿಂದ ಶುರು ಎಂದರೆ, ನಿಮ್ಮ ದೇಶದ ಬಗ್ಗೆ ಸಮಿತಿ ಕೊಟ್ಟ ಕೊನೆಯ ಅಂತಿಮ ಅಭಿಪ್ರಾಯವನ್ನು ತೆರೆಯಿರಿ. ಹಿಂಸೆಯ ಬಗ್ಗೆ ಇರುವ ಪ್ಯಾರಾಗಳನ್ನು ನಿಮ್ಮ ಭಾಷೆಗೆ ತಂದುಕೊಳ್ಳಿ, ಎರಡು ಪುಟವೂ ಆಗಲಿಕ್ಕಿಲ್ಲ. ಅದನ್ನು ಜಿಲ್ಲಾ ಮಟ್ಟದ ಪೊಲೀಸ್ ಅಧಿಕಾರಿಗೆ, ವಕೀಲರ ಸಂಘಕ್ಕೆ, ಶಾಸಕರಿಗೆ ಕೊಡಿ. ಬಹಳ ಕಡೆ ಅಂಥ ದಾಖಲೆ ಇದೆಯೆಂದೇ ಅವರಿಗೆ ತಿಳಿದಿರುವುದಿಲ್ಲ. ಮುಂದಿನ ವರದಿ ಯಾವಾಗ ಎಂಬುದು ಅದರ ಕೊನೆಯ ಪ್ಯಾರಾಗಳಲ್ಲಿ ಇರುತ್ತದೆ. ಆ ದಿನಾಂಕದಿಂದ ಹಿಂದಕ್ಕೆ ಎಣಿಸಿ ಕನಿಷ್ಠ ಎರಡು ವರ್ಷದ ಮಾಹಿತಿ ಕೂಡುವಂತೆ ಈಗಲೇ ಒಂದು ದಾಖಲೆ ಪುಸ್ತಕ ತೆರೆಯಿರಿ. ಅಂಕಣಗಳು ಇಷ್ಟಿರಲಿ: ಘಟನೆಯ ದಿನ, ದೂರು ಕೊಟ್ಟ ದಿನ ಮತ್ತು ವೇಳೆ, ತೆಗೆದುಕೊಂಡರೇ ನಿರಾಕರಿಸಿದರೇ, ನಿರಾಕರಿಸಿದವರ ಹುದ್ದೆ, ಹೇಳಿದ ಕಾರಣ ಅವರದೇ ಮಾತಿನಲ್ಲಿ, ರಕ್ಷಣಾ ಆದೇಶದ ಅರ್ಜಿಯ ದಿನ, ಆದೇಶ ಬಂದ ದಿನ, ಉಲ್ಲಂಘನೆಯಾದರೆ ಅದರ ದಿನ, ಕೈಗೊಂಡ ಕ್ರಮ. ಹೆಸರುಗಳನ್ನು ಇದರಲ್ಲಿ ಬರೆಯಬೇಡಿ, ಸಂಖ್ಯೆ ಕೊಡಿ. ಹೆಸರಿನ ಪಟ್ಟಿ ಬೇರೆ ಪುಸ್ತಕದಲ್ಲಿ, ಬೇರೆ ಬೀಗದಲ್ಲಿ ಇರಲಿ.